ಹತ್ತಿಯಲ್ಲೊಂದು ಗುಳಿ

ಅಪ್ಪನ ಸೆಟೆದ ಬಲಗೈಯನ್ನು ಕೋಟಿನ ತೋಳಿಗೆ ತೂರಿಸುವಾಗ ಜೇಬಿನಿಂದ ಹತ್ತಿಯ ಉಂಡೆಯೊಂದು ಉರುಳಿಬಿತ್ತು. ಮಗಳು ಬಿಡಿಸಿ ನೋಡಿದಳು. ಹೆಬ್ಬೆರಳಿನಷ್ಟು ತಲೆಬುರುಡೆ, ಮುಂದೆ ಕಿತ್ತಳೆ ಬಣ್ಣದ ಎರಡು ಬಾಚಿಹಲ್ಲು.

"ಅಯ್ಯೋ, ಸತ್ತ ಮೇಲೂ ಈ ಇಲಿಗಳ ಕಾಟ ತಪ್ಪಲಿಲ್ವಲ್ಲ! ಎಸಿ ಅದನ್ನ," ಎಂದಳು ಅತ್ತೆ.

"ಎಸೆಯೋಕಾಗಲ್ಲ ಅತ್ತೆ, ಮ್ಯೂಸಿಯಮ್ಮಿಂದು."

"ನಿಂಗೂ ಅದೇ ಹುಚ್ಚು. ನಿನ್ನ ಆ ಇಲಿ ಪರೀಕ್ಷೆ ಮುಗಿದ ದಿನದಿಂದ ನನ್ನ ತಮ್ಮ ನೆಟ್ಟಗೆ ಊಟ ಮಾಡಿದ್ದು ನಾನು ನೋಡಿಲ್ಲ."

ಅವಳೂ ನೋಡಿರಲಿಲ್ಲ. ಮ್ಯೂಸಿಯಮ್ಮಿನ ಒಂದು ಮೂಳೆಯನ್ನೂ ಮನೆಗೆ ತಂದವನಲ್ಲ ಅಪ್ಪ. ತಂದವರ ಮೇಲೆ ಹರಿಹಾಯುತ್ತಿದ್ದ. ಇದನ್ನೇಕೆ ತಂದ? ತನ್ನ ಮೇಲಿನ ಸಿಟ್ಟಿಗೆ ಬಚ್ಚಿಟ್ಟನೇ? ಬುರುಡೆಯನ್ನು ಅಂಗೈಯಲ್ಲಿ ಹಿಡಿದೇ ಅವಳು ಶವಪೆಟ್ಟಿಗೆಯ ಹಿಂದೆ ನಡೆದಳು.

*

ಮ್ಯೂಸಿಯಮ್ಮಿನಲ್ಲಿ ಅಪ್ಪನಿಗೆ 'ಇಲಿರಾಯ' ಎಂದೇ ಹೆಸರು. ಬೆಟ್ಟದಲ್ಲಿ ಬಿಲ ತೋಡುವ ಇಲಿ, ಮರಳಿನಲ್ಲಿ ಬಿಲ ತೋಡುವ ಇಲಿ ಎರಡೂ ಒಂದೇ ವಂಶ ಎಂದು ಜೀವಮಾನವಿಡೀ ವಾದಿಸಿದ್ದ. ಹಲ್ಲುಗಳೇ ಅವನ ಸಾಕ್ಷಿ. ಅದೇ ಮ್ಯೂಸಿಯಮ್ಮಿಗೆ ಕೆಲಸಕ್ಕೆ ಸೇರಿದ ಮಗಳು ಆ ಇಲಿಗಳ ಒಣಚರ್ಮದಿಂದ ಡಿಎನ್‌ಎ ತೆಗೆದು ನೋಡಿದಳು. ಎರಡೂ ಬೇರೆ ಬೇರೆ ವಂಶ.

"ಹಾಗಾದ್ರೆ ಹಲ್ಲು ಸುಳ್ಳು ಹೇಳ್ತಾ?"

"ಸುಳ್ಳಲ್ಲಪ್ಪ. ಮಣ್ಣು ಅಗೆದೂ ಅಗೆದೂ ಎರಡಕ್ಕೂ ಅಂಥದೇ ಹಲ್ಲು ಬಂದಿದೆ. ಕೆಲಸ ಒಂದೇ, ಅಷ್ಟೇ."

"ಹೊರಗಿನವರು ಯಾಕೆ ಬೇಕು? ನೀನೇ ಬುಡ ಅಗೆದೆ."

ಅಂದಿನಿಂದ ಒಂದೇ ಮೇಜಿನಲ್ಲಿ ಕೂತರೂ ಮಾತಿರಲಿಲ್ಲ. ಅವಳೂ ಅದೇ ಅಪ್ಪನ ಮಗಳು, ಬಿಗಿದುಕೊಂಡೇ ಇದ್ದಳು. ಅವನು ಸಾಯುವ ಹಿಂದಿನ ಸಂಜೆ ಅವಳ ಕೋಣೆಯ ಬಾಗಿಲು ತಟ್ಟಿದ್ದ.

"ಒಂದ್ನಿಮಿಷ ಬರ್ತೀಯಾ?"

"ಕೆಲಸ ಇದೆ. ನಾಳೆ ನೋಡೋಣ."

ಬಾಗಿಲಾಚೆ ಅವನ ಉಸಿರು ಸ್ವಲ್ಪ ಹೊತ್ತು ಕೇಳಿಸಿತ್ತು.

*

ಗುಂಡಿಗೆ ಹೆಂಟೆಗಳು ಬೀಳುತ್ತಿದ್ದವು. ಮ್ಯೂಸಿಯಮ್ಮಿನಲ್ಲಿ ಪ್ರಾಣಿಗಳ ಚರ್ಮಕ್ಕೆ ಹುಲ್ಲು ತುಂಬುವ ಅಪ್ಪನ ಗೆಳೆಯ ಅವಳ ಪಕ್ಕಕ್ಕೆ ಬಂದು ನಿಂತ.

"ಹೋದ ವಾರ ನಿಮ್ಮಪ್ಪ ನನ್ನ ಹತ್ರ ಹೊಸ ಹತ್ತಿ ಇಸ್ಕೊಂಡಮ್ಮ. ನೀನು ಹೇಳಿದ ಹಾಗೇ ಮರಳಿನ ಇಲಿಗಳನ್ನೆಲ್ಲ ಬೇರೆ ಡ್ರಾಯರಿಗೆ ಹಾಕ್ದ. ಬೈಕೊಂಡೇ ಹಾಕ್ದ ಅನ್ನು. ಒಂದನ್ನ ಮಾತ್ರ ಉಳಿಸಿದ್ದ, ತಾನು ಮೊಟ್ಟಮೊದಲು ಹಿಡಿದಿದ್ದ ಮರಿ. 'ಇದನ್ನ ಮಗಳೇ ಇಡಬೇಕು, ಮನೆಗೆ ತಗೊಂಡು ಹೋಗಿ ಕರೀತೀನಿ' ಅಂದ. ಕರೆದ್ನಾ?"

ಬುರುಡೆ ಹಿಡಿದಿದ್ದ ಅವಳ ಮುಷ್ಟಿ ಬಿಗಿಯಿತು.

"ಕರೆದ," ಎಂದಳು.

ಅತ್ತೆ ಬಂದು ಭುಜ ಹಿಡಿದು ಅಲುಗಿಸುವವರೆಗೂ ಅವಳು ಅಲ್ಲಿಂದ ಕದಲಲಿಲ್ಲ.

ಮಣ್ಣು ಮೆತ್ತಿದ ಚಪ್ಪಲಿಯಲ್ಲೇ ಅವಳು ಅಪ್ಪನ ಗೆಳೆಯನ ಜೊತೆ ಮ್ಯೂಸಿಯಮ್ಮಿಗೆ ಹೋದಳು. ಅವನು ಡ್ರಾಯರು ಎಳೆದ. ಬುರುಡೆಗಳು ಸಾಲಾಗಿ ಮಲಗಿದ್ದವು. ಕೊನೆಯಲ್ಲಿ ಒಂದು ಖಾಲಿ ಜಾಗ, ಹತ್ತಿಯಲ್ಲಿ ಹೆಬ್ಬೆರಳಿಂದ ಒತ್ತಿ ಮಾಡಿದ ಗುಳಿ.

"ಇಡಮ್ಮ."

ಅವಳು ಮುಷ್ಟಿ ಬಿಡಿಸಿದಳು. ಬೆವರಿದ ಅಂಗೈಗೆ ಬಿಳಿ ಪುಡಿ ಅಂಟಿತ್ತು. ಅದರ ನಡುವೆ ಎರಡು ಕಿತ್ತಳೆ ಹಲ್ಲು ಮಾತ್ರ ಇದ್ದವು.