ಲೀಟರ್ ಎಣ್ಣೆಯ ತೂಕ

"ಕಾಣ್ ಯೋಗೀಶ, ನಿನ್ನ ತಕ್ಕಡಿಯೇ ಹೇಳತ್ತ್. ಬಾಟ್ಲಿ ತೂಕ ಬಿಟ್ಟ್ ಒಂಬೈನೂರ ಹದಿನೈದ್. ನಿನ್ನೆ ಒಂದ್ ಲೀಟ್ರ್ ಅಂದೇಳಿ ಕೊಟ್ಟದ್ದಲ್ದಾ? ಉಳ್ದ ಎಂಬತ್ತೈದ್ ಗ್ರಾಮ್ ಎಲ್ಲ್ ಹೋಯ್ತ್?"

ಸುಗುಣ ಟೀಚರ ದನಿ ಗಾಣದ ಸದ್ದನ್ನೂ ಮೀರಿಸಿತು. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ಗಂಟಲು ಅದು. ನಿವೃತ್ತಿಯಾಗಿ ಆರು ವರ್ಷವಾದರೂ ಕೊನೆಯ ಬೆಂಚಿಗೆ ಕೇಳಿಸುವಂತೆಯೇ ಮಾತಾಡುವುದು ರೂಢಿ. ಸೊಸೆ ಅಡುಗೆಮನೆಗೆ ತಂದಿಟ್ಟ ಹೊಸ ತಕ್ಕಡಿಯ ಮೇಲೆ ಬೆಳಿಗ್ಗೆ ಸುಮ್ಮನೆ ಎಣ್ಣೆಯ ಬಾಟಲಿ ಇಟ್ಟು ನೋಡಿದ್ದೇ ಇಷ್ಟಕ್ಕೆಲ್ಲ ಕಾರಣ. ಕಿಲೋಗೆ ಕಡಿಮೆ ಕಂಡಿದ್ದೇ ತಡ, ಬಿಸಿಲಿಗೆ ಕೊಡೆಯನ್ನೂ ಹಿಡಿಯದೆ ಸಾಸ್ತಾನದ ಗಾಣದ ಬಾಗಿಲಿಗೆ ಬಂದು ನಿಂತಿದ್ದರು.

ಗಾಣದ ಯಜಮಾನ ಯೋಗೀಶ ಅವರ ಹಳೆಯ ವಿದ್ಯಾರ್ಥಿ. ಕೈಯ ಎಣ್ಣೆಯನ್ನು ಹೆಗಲ ಬೈರಾಸಿಗೆ ಒರೆಸಿಕೊಂಡು ತಕ್ಕಡಿಯನ್ನು ನೋಡಿದ, ಟೀಚರನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದವನು, ಸುತ್ತ ಕೊಬ್ಬರಿ ಚೀಲ ಇಟ್ಟುಕೊಂಡು ನಿಂತಿದ್ದ ನಾಲ್ಕೈದು ಜನರ ಕಡೆ ಕಣ್ಣು ಹಾಯಿಸಿ ಸುಮ್ಮನಾದ.

"ಆಯ್ತ್ ಟೀಚರ್, ಕಿಲೋ ಮಾಡಿ ಕೊಡ್ತೆ. ಇದ್ರೊಳ್ಗ್ ಹಿಡಿತಿಲ್ಲೆ, ಬಾಯಿವರೆಗೂ ತುಂಬಿತ್ತಲೆ. ಬೇರೆ ಬಾಟ್ಲಿಯೊಳ್ಗ್ ಹಾಕ್ತೆ," ಎಂದು ಒಳಗಿಂದ ಅಂಗೈ ಉದ್ದದ ಚಿಕ್ಕ ಬಾಟಲಿಯೊಂದನ್ನು ತಂದ.

ಹಿಡಿಯುವುದಿಲ್ಲ. ಆ ಮಾತು ಕಿವಿಗೆ ಬಿದ್ದ ಕ್ಷಣ ಟೀಚರ್ ತಕ್ಕಡಿಯ ಮೇಲಿನ ಬಾಟಲಿಯನ್ನು ಮತ್ತೊಮ್ಮೆ ನೋಡಿದರು. ಲೀಟರಿನ ಬಾಟಲಿ ಬಾಯಿವರೆಗೆ ತುಂಬಿದೆ ಎಂದರೆ ಲೀಟರ್ ಸರಿಯಾಗಿಯೇ ಇದೆ. ಲೀಟರಿಗೆ ಕಿಲೋ ತೂಗುವುದು ನೀರು. ಎಣ್ಣೆ ನೀರಿಗಿಂತ ಹಗುರ, ಅದಕ್ಕೇ ಅದು ನೀರ ಮೇಲೆ ತೇಲುವುದು. ಗಾಜಿನ ಲೋಟದಲ್ಲಿ ನೀರು ಹಾಕಿ, ಮೇಲೆ ಎಣ್ಣೆ ಹೊಯ್ದು, ಎಷ್ಟು ಸಾವಿರ ಮಕ್ಕಳಿಗೆ ತೋರಿಸಿದ್ದರೋ ಲೆಕ್ಕವಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬಂತಾಯಿತು.

ಆಗಲೇ ಒಂದು ಮಾತು ಆಡಬಹುದಿತ್ತು. ಆದರೆ ಆ ಗುಂಪಿನಲ್ಲೇ ಇದ್ದ, ಟೀಚರ ಪಕ್ಕದ ಮನೆಯ ಗುಲಾಬಿ ಅಷ್ಟರಲ್ಲಿ ಶುರು ಮಾಡಿಬಿಟ್ಟಿದ್ದಳು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ಅವಳು.

"ಟೀಚರ್ ಆದ್ದಕ್ಕೆ ಕಂಡ್ ಹಿಡ್ದ್ರ್. ನಾವ್ ಎಷ್ಟ್ ವರ್ಷದಿಂದ ಇಲ್ಲ್ ತಕಂಬುದ್ ಎಣ್ಣೆ! ನನ್ನ್ ಕೊಬ್ರಿ ವಾಪಸ್ ಕೊಡ್ ಮಾರಾಯ, ನಾನ್ ಬ್ರಹ್ಮಾವರದ ಗಾಣಕ್ಕೇ ಹೋತೆ."

ಯೋಗೀಶ ಅವಳ ಚೀಲವನ್ನು ರಿಕ್ಷಾದವರೆಗೆ ಹೊತ್ತು ಕೊಟ್ಟ. ಟೀಚರ್ ಎರಡೂ ಬಾಟಲಿ ಹಿಡಿದು ತಲೆ ತಗ್ಗಿಸಿ ಹೊರಟರು.

ದಾರಿಯಲ್ಲಿ ಎಂಟನೇ ಕ್ಲಾಸಿನ ಯೋಗೀಶ ನೆನಪಾದ. ಒಂದು ಕಿಲೋ ಭತ್ತದ ಉಮಿ ಭಾರವೋ, ಒಂದು ಕಿಲೋ ಅಕ್ಕಿ ಭಾರವೋ ಎಂದು ಕೇಳಿದ್ದರು. ಅಕ್ಕಿ ಎಂದಿದ್ದ. "ನಿನ್ನ ಮಂಡೆಯೊಳಗೆ ಇರುವುದು ಉಮಿಯೇ" ಎಂದು ನಗಾಡಿ, ಗಂಟೆ ಹೊಡೆಯುವವರೆಗೆ ಬೆಂಚಿನ ಮೇಲೆ ನಿಲ್ಲಿಸಿದ್ದರು. ಶಾಲೆ ಬಿಡುವವರೆಗೂ ಹುಡುಗರ ಬಾಯಲ್ಲಿ ಅವನು ಉಮಿ ಯೋಗೀಶನೇ ಆಗಿದ್ದ. ಆ ಹೆಸರು ಕೇಳಿದಾಗೆಲ್ಲ ತಾವೂ ನಕ್ಕಿದ್ದುಂಟು.

ಮರುದಿನ ಹಾಲಿನ ಡೈರಿಯಲ್ಲಿ ಗುಲಾಬಿ ಹರಡಿದ್ದೇ ಸುದ್ದಿ. ಗಾಣದವನದು ಅಳತೆಯಲ್ಲಿ ಮೋಸವಂತೆ, ಸುಗುಣ ಟೀಚರೇ ಹಿಡಿದುಕೊಟ್ಟರಂತೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಟೀಚರಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಮಧ್ಯಾಹ್ನ ಯಾರೂ ಇರದ ಹೊತ್ತು ನೋಡಿಯೇ ಗಾಣಕ್ಕೆ ಹೋದರು. ನಾಚಿಕೆಗೆ ಅದರದ್ದೇ ಒಂದು ಲೆಕ್ಕಾಚಾರವಿರುತ್ತದೆ.

ಗಾಣ ನಿಂತಿತ್ತು. ಅರೆಯಲು ಬಂದ ಚೀಲ ಒಂದೂ ಇರಲಿಲ್ಲ. ಟೀಚರ್ ಚಿಕ್ಕ ಬಾಟಲಿಯನ್ನು ಮೇಜಿನ ಮೇಲಿಟ್ಟರು.

"ತಪ್ಪ್ ನಂದ್ ಯೋಗೀಶ. ಎಣ್ಣೆ ಲೀಟ್ರಿಗೆ ಅಷ್ಟೇ ತೂಗುದ್."

"ನಂಗೊತ್ತಿತ್ತ್ ಟೀಚರ್. ನೀವೇ ಕಲ್ಸಿದ್ದಲೆ."

"ಗೊತ್ತಿದ್ರೆ ನಿನ್ನೆ ಎಂತಕ್ಕ್ ಹೇಳ್ಲಿಲ್ಲೆ?"

ಯೋಗೀಶ ತಕ್ಕಡಿಯ ಮೇಲಿನ ಧೂಳು ಒರೆಸುತ್ತಾ ಹೇಳಿದ: "ಅಷ್ಟ್ ಜನರೆದ್ರ್ ನಿಮ್ಗ್ ತಪ್ಪ್ ಅಂದೇಳಿ ಹ್ಯಾಂಗ್ ಹೇಳುದ್?"

ಅವನ ದನಿಯಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ಟೀಚರಿಗೆ ಸುಲಭವಾಗುತ್ತಿತ್ತು. ಯಾರೂ ಇರದ ಹೊತ್ತು ನೋಡಿ ಬಂದ ತಮ್ಮ ಜಾಣತನಕ್ಕೇ ಅಸಹ್ಯವೆನಿಸಿತು. ಮೇಜಿನ ಮೇಲಿಟ್ಟ ಬಾಟಲಿಯನ್ನು ಮತ್ತೆ ಕೈಗೆ ತೆಗೆದುಕೊಂಡರು.

"ನಾಲ್ಕ್ ಗಂಟೆ ಬಸ್ಸಿಗೆ ಜನ ಬತ್ರ್ ಅಲ್ದಾ?"

"ಬಪ್ಪುದುಂಟ್. ಇವತ್ತ್ ಗೊತ್ತಿಲ್ಲೆ."

"ಬರ್ಲಿ. ಅವ್ರೆದ್ರ್ ಹೇಳಿಯೇ ಹೋತೆ. ಆಮೇಲೆ ಗುಲಾಬಿ ಮನೆಗೂ, ಡೈರಿಗೂ."

"ಅದೆಲ್ಲ ಎಂತಕ್ಕ್ ಟೀಚರ್, ಬಿಡಿ," ಎಂದ ಯೋಗೀಶ. ಗಡಿಯಾರ ನೋಡಿದ. ಇನ್ನೂ ಒಂದೂವರೆ ಗಂಟೆಯಿತ್ತು. ಒಳಗೆ ಹೋಗಿ ಸ್ಟೂಲು ತಂದು, ಬೈರಾಸಿನಿಂದ ಒರೆಸಿ, ಅವರ ಹತ್ತಿರ ಇಟ್ಟ. "ಕೂಕಣಿ ಟೀಚರ್. ಕಾಲ್ ನೋಯತ್ತ್."

"ಬ್ಯಾಡ," ಎಂದರು ಟೀಚರ್.

ನಾಲ್ಕು ಗಂಟೆಗೆ ಬಸ್ಸು ಬಂದು ನಿಂತಿತು. ಖಾಲಿ ಕ್ಯಾನು ಹಿಡಿದ ಹೆಂಗಸೊಬ್ಬಳು ಇಳಿದು, ಗಾಣದ ಕಡೆ ನೋಡಿ, ಅನುಮಾನಿಸುತ್ತ ರಸ್ತೆ ದಾಟತೊಡಗಿದಳು. ಬಾಗಿಲಲ್ಲಿ ಸುಗುಣ ಟೀಚರ್ ಚಿಕ್ಕ ಬಾಟಲಿ ಹಿಡಿದು ಇನ್ನೂ ನಿಂತೇ ಇದ್ದರು. ಪಕ್ಕದಲ್ಲಿ ಸ್ಟೂಲು ಖಾಲಿಯಾಗಿತ್ತು.