ಒಂದು ಮೂಲೆ ತಿರುಗಿದ ಕ್ಯೂಬ್

ನೀಲಕಂಠನ ಪ್ರಕಾರ ಜಗತ್ತಿನ ಮಂದಿಯೆಲ್ಲ ನಿಧಾನ, ಅವನೊಬ್ಬನೇ ಚುರುಕು. ಕಪನೂರದ ಪೈಪು ಕಾರ್ಖಾನೆಯೊಂದರಲ್ಲಿ ಸೂಪರ್‌ವೈಜರ್ ಆಗಿದ್ದ ಆತ ಹಗಲೆಲ್ಲ ಕೂಲಿಗಳ ಬೆನ್ನ ಹಿಂದೆ ಗಡಿಯಾರ ಹಿಡಿದು ನಿಲ್ಲುತ್ತಿದ್ದ, ಸಂಜೆ ಕಲಬುರಗಿಯ ಮನೆಗೆ ಬಂದು ಹೆಂಡತಿಯ ಬೆನ್ನ ಹಿಂದೆ ನಿಲ್ಲುತ್ತಿದ್ದ. ಭಾಗಮ್ಮ ರೊಟ್ಟಿ ಬಡಿಯಲಿ, ನೀರು ತರಲಿ, ಎಲ್ಲದಕ್ಕೂ ಎಷ್ಟು ಹೊತ್ತಾಯಿತೆಂಬ ಲೆಕ್ಕ. ಎಂಬತ್ತೆರಡನೇ ಇಸವಿಯಲ್ಲಿ ಹೈದರಾಬಾದಿಗೆ ಹೋದವನು ಒಂದು ಸ್ಟಾಪ್‌ವಾಚು, ತಿರುಗಿಸಿ ಬಣ್ಣ ಕೂಡಿಸುವ ಒಂದು ಕ್ಯೂಬು ಕೊಂಡು ತಂದ. ಅಲ್ಲಿಂದ ಅವನಿಗೆ ಕೋಡೇ ಮೂಡಿತು.

ಆಗ ಆ ಕ್ಯೂಬಿನ ಹುಚ್ಚು ಎಲ್ಲ ಕಡೆ ಹಬ್ಬಿತ್ತು. ಒಂದು ಬದಿಯ ಬಣ್ಣ ಕೂಡಿಸುವುದರಲ್ಲೇ ಮಂದಿಯ ತಲೆ ಕೆಟ್ಟು ಹೋಗುತ್ತಿತ್ತು. ನೀಲಕಂಠ ಆರೂ ಬದಿಗಳನ್ನು ನಿಮಿಷದೊಳಗೆ ಕೂಡಿಸುತ್ತಿದ್ದ. ಸುಳ್ಳು ಯಾಕೆ ಹೇಳಬೇಕು, ಅವನ ಬೆರಳುಗಳ ಓಟ ನೋಡುವಂತೆಯೇ ಇತ್ತು. ಆದರೆ ಆ ಬೆರಳುಗಳ ಚಾಕರಿಯೆಲ್ಲ ಭಾಗಮ್ಮನ ಪಾಲಿಗೆ. ಕ್ಯೂಬಿನ ಬಣ್ಣ ಕೆಡಿಸಿ ಕೊಡಬೇಕು, ವಾಚು ಒತ್ತಬೇಕು, ಆಗಾಗ ಚಮಚದ ಹಿಡಿಯಿಂದ ಅದರ ತುಣುಕುಗಳನ್ನು ಎಬ್ಬಿಸಿ, ಒರೆಸಿ, ಎಣ್ಣೆ ಸವರಿ ಇದ್ದ ಜಾಗಕ್ಕೇ ಕೂಡಿಸಬೇಕು. ಅವನು ಬೇಗ ಮುಗಿಸಿದರೆ ಅದು ಅವನ ಕೈಚಳಕ, ತಡವಾದರೆ ಇವಳು ವಾಚು ಒತ್ತಿದ್ದು ತಪ್ಪು. ಒಮ್ಮೆ ಅವಳು ಒಂದು ಮೂಲೆಯ ತುಣುಕನ್ನು ಗೊತ್ತಾಗದೆ ತಿರುಗಿಸಿ ಕೂಡಿಸಿಬಿಟ್ಟಿದ್ದಳು.

“ಒಂದು ಮೂಲಿ ತಿರುಗಿ ಕುಂತ್ರ ಬ್ರಹ್ಮ ಬಂದ್ರೂ ಇದು ಕೂಡೂದಿಲ್ಲ. ತಲಿ ಎಲ್ಲಿಟ್ಟಿದ್ದಿ?” ಎಂದು ಅವನು ಅವತ್ತು ವಾಚನ್ನು ಅವಳ ಮೇಲೆಯೇ ಬೀಸಿ ಒಗೆದಿದ್ದ.

ಮರುವರ್ಷ ಭಾಗಮ್ಮನಿಗೆ ಟಿ.ಸಿ.ಎಚ್. ತರಬೇತಿಗೆ ಸೀಟು ಸಿಕ್ಕಿತು. ಶಾಲೆಯ ಟೀಚರಾಗಬೇಕೆಂಬುದು ಅವಳ ಮದುವೆಗೆ ಮುಂಚಿನ ಆಸೆ. ತರಬೇತಿ ನಡೆಯುವ ಜಾಗ ಶರಣಬಸವೇಶ್ವರ ಗುಡಿಯ ಹತ್ತಿರ, ಮನೆಯಿಂದ ನಡೆದೇ ಹೋಗಬಹುದು. ದೀಪಾವಳಿ ಮುಗಿದ ಸೋಮವಾರದೊಳಗೆ ಸೇರದಿದ್ದರೆ ಸೀಟು ಬೇರೆಯವರಿಗೆ. ಗಂಡನನ್ನು ಕೇಳಿದರೆ, “ನಾಕು ರೊಟ್ಟಿಗಿ ಅರ್ಧ ತಾಸು ತಗೋತಿ, ನೀ ಹುಡುಗರಿಗಿ ಏನ್ ಕಲಸ್ತಿ?” ಎಂದು ನಗುತ್ತಿದ್ದ. ಆ ನಗು ಕೇಳಿದಾಗೆಲ್ಲ ಅವಳಿಗೆ ಮೈ ಉರಿಯುತ್ತಿತ್ತು.

ಹಬ್ಬಕ್ಕೆ ಗಂಡ ಹೆಂಡತಿ ಅವಳ ತವರು ಕಮಲಾಪುರಕ್ಕೆ ಬಂದರು. ಭಾಗಮ್ಮನ ಅಪ್ಪ ಅಣವೀರಪ್ಪ ಕೆಂಪು ಬಾಳೆಯ ತೋಟದವನು, ಇಬ್ಬರು ಅಳಿಯಂದಿರನ್ನೂ ಕರೆಸಿದ್ದ. ಕಿರಿಯ ಮಗಳು ಕಸ್ತೂರಿಬಾಯಿಯ ಗಂಡ ದೇವಿಂದ್ರಪ್ಪ, ತಾಜಸುಲ್ತಾನಪುರದವನು. ದೊಡ್ಡ ಆಳು, ಬಾಯಿ ಇನ್ನೂ ದೊಡ್ಡದು. ಈ ಷಡ್ಡಕರಿಬ್ಬರಿಗೂ ಮೊದಲಿನಿಂದಲೇ ಎಣ್ಣೆ ಸೀಗೇಕಾಯಿ. ಬೆಳಿಗ್ಗೆ ಮಂಡಕ್ಕಿಯ ಸುಸಲಾ ತಿನ್ನುವಾಗ ನೀಲಕಂಠ ಕ್ಯೂಬಿನ ಪುರಾಣ ತೆಗೆದ. ದೇವಿಂದ್ರಪ್ಪ ಸುಮ್ಮನಿರುವವನಲ್ಲ.

“ಅಣ್ಣಾರ, ನಮ್ಮೆಲ್ಲಾರ ಮುಂದ ಕೂಡಲಿಲ್ಲಂದ್ರ ಏನ್ ಕೊಡ್ತೀರಿ?”

“ಕೂಡಲಿಲ್ಲಂದ್ರ ಭಾಗೀನ ಟ್ರೇನಿಂಗಿಗಿ ಕಳಸ್ತೀನಿ! ಇಷ್ಟು ಮಂದಿ ಮುಂದ ಮಾತು ಕೊಡ್ತೀನಿ, ಸಾಕೇನು?” ಎಂದ ನೀಲಕಂಠ.

ಎಲ್ಲರೂ ಘೊಳ್ಳೆಂದು ನಕ್ಕರು. ಅಣವೀರಪ್ಪನೂ ಹೊಟ್ಟೆ ಹಿಡಿದುಕೊಂಡು ನಕ್ಕ. ಸುಸಲಾ ಬಡಿಸುತ್ತಿದ್ದ ಭಾಗಮ್ಮ ನಗಲಿಲ್ಲ. ನೀಲಕಂಠ ಕ್ಯೂಬನ್ನು ಅವಳ ಕಡೆ ಎಸೆದು, “ಊಟಾದ ಮ್ಯಾಲ ಆಡ್ತೀನಿ. ಒರಸಿ, ಕೆಡಿಸಿ ಇಡು,” ಎಂದ.

ಅಡುಗೆಮನೆಯ ಮೂಲೆಯಲ್ಲಿ ಕುಳಿತು ಅವಳು ತುಣುಕುಗಳನ್ನು ಬಿಚ್ಚಿದಳು, ಒರೆಸಿದಳು, ಒಂದೊಂದಾಗಿ ಕೂಡಿಸುತ್ತ ಬಂದಳು. ಕೊನೆಗೆ ಒಂದು ಮೂಲೆಯ ತುಣುಕು ಕೈಯಲ್ಲಿ ಉಳಿಯಿತು. ಬೇಕೆಂದೇ ಅದನ್ನು ತಿರುಗಿಸಿ ಒತ್ತಿದಳು. ಚೆನ್ನಾಗಿ ಕೆಡಿಸಿ ಪಡಸಾಲೆಯ ಗೂಡಿನಲ್ಲಿಟ್ಟಳು. ಊಟಕ್ಕೆ ಮುಂಚೆ ದೇವಿಂದ್ರಪ್ಪ ಅದನ್ನೆತ್ತಿಕೊಂಡು ಒಂದಿಷ್ಟು ತಿರುವಿ ಮತ್ತೆ ಗೂಡಿಗಿಟ್ಟ. ಅಣವೀರಪ್ಪ, ನೀಲಕಂಠ ಇಬ್ಬರೂ ಅದನ್ನು ನೋಡಿದರು.

ಹೋಳಿಗೆ ಊಟ ಮುಗಿಯಿತು. ಪಡಸಾಲೆಯ ತುಂಬ ಬೀಗರು, ನೆರೆಯವರು. ಭಾಗಮ್ಮ ಎಂದಿನಂತೆ ವಾಚು ಒತ್ತಿದಳು. ನೀಲಕಂಠನ ಬೆರಳುಗಳು ಓಡಿದವು, ಕೆಂಪು ಕೂಡಿತು, ಹಸಿರು ಕೂಡಿತು, ಮಂದಿ ಬಾಯಿ ತೆರೆದು ನೋಡಿದರು. ಎಲ್ಲ ಕೂಡಿ ಒಂದು ಮೂಲೆ ಮಾತ್ರ ಅಡ್ಡಾದಿಡ್ಡಿ ಉಳಿಯಿತು. ಅವನು ಕೆಡಿಸಿ ಮತ್ತೆ ಕೂಡಿಸಿದ, ಮತ್ತೆ ಅಷ್ಟೇ. ಅವನ ಮುಖ ಕಪ್ಪಿಟ್ಟಿತು.

“ಯಾರೋ ಇದನ್ನ ಬಿಚ್ಯಾರ!”

“ಬರಲಿಲ್ಲ ಅನ್ರಿ ಅಣ್ಣಾರ, ಮುಗೀತು,” ಎಂದು ದೇವಿಂದ್ರಪ್ಪ ತೊಡೆ ತಟ್ಟಿಕೊಂಡು ನಕ್ಕ. “ಇನ್ನ ಅಕ್ಕಾರನ್ನ ಟ್ರೇನಿಂಗಿಗಿ ಕಳಸ್ರಿ.”

“ನೀನೇ ಬಿಚ್ಚೀದಿ, ಕಳ್ಳ! ನಿಮ್ಮ ಮನಿತನಾನೇ ಅಂಥಾದ್ದು!”

ದೇವಿಂದ್ರಪ್ಪ ಎದ್ದವನೇ ಅವನ ಕೊರಳಪಟ್ಟಿ ಹಿಡಿದ. ಗುಂಡಿ ಹಾರಿ ಬಿತ್ತು. ನಡುವೆ ಬಂದ ಅಣವೀರಪ್ಪ ಕಿರಿಯ ಅಳಿಯನನ್ನೇ ದುರುಗುಟ್ಟಿ ನೋಡಿ, “ಖರೆ ಹೇಳ್ರಿ. ನೀವು ಅದನ್ನ ಮುಟ್ಟಿದ್ದು ನಾ ನೋಡೀನಿ,” ಎಂದ.

“ಮಾವಾರೇ ನನ್ನ ಕಳ್ಳ ಅಂದ ಮ್ಯಾಲ ಮುಗೀತು. ಕಸ್ತೂರಿ, ಚೀಲ ತುಂಬು. ಇನ್ನ ನೀ ಈ ಮನಿ ಹೊಸ್ತಿಲಾ ತುಳದಿ ಅಂದ್ರ ನನ್ನ ಮನಿಗಿ ಬರಬ್ಯಾಡ!”

ಕಸ್ತೂರಿಬಾಯಿ ಬಾಗಿಲ ತೋಳಿಗೆ ಒರಗಿ ಅಳತೊಡಗಿದಳು.

ಭಾಗಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಗಂಡ ಸೋತಿದ್ದಾನೆ, ಮಾತು ಕೊಟ್ಟಿದ್ದಾನೆ, ಸೀಟು ಅವಳದು. ದೇವಿಂದ್ರಪ್ಪನಂಥ ಒರಟನಿಗಾಗಿ ಅವಳು ಕಣ್ಣೀರು ಹಾಕುವವಳೂ ಅಲ್ಲ. ಆದರೆ ತಂಗಿ ಚೀಲ ತುಂಬಲು ಒಳಗೆ ಹೋಗುತ್ತಿದ್ದಳು. ಗಂಡನ ಮೇಲೆ, ತನ್ನ ಮೇಲೆ, ಆ ಹಾಳು ಕ್ಯೂಬಿನ ಮೇಲೆ ಭಾಗಮ್ಮನಿಗೆ ಎಲ್ಲಿಲ್ಲದ ಸಿಟ್ಟು ಬಂತು.

“ನಾನೇ ತಿರುಗಿಸೀನಿ,” ಎಂದಳು.

ನೀಲಕಂಠ ಅವಳತ್ತ ನೋಡಿ ನಕ್ಕುಬಿಟ್ಟ. “ನಿನಗೆಲ್ಲಿಂದ ಬರಬೇಕು ಅಷ್ಟು ಬುದ್ಧಿ? ತಂಗಿ ಸಲುವಾಗಿ ಸುಳ್ಳು ಹೇಳಾಕತ್ತೀದಿ.”

ಹೊಡೆದಿದ್ದರೂ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ. ಅವನ ಕೈಯಿಂದ ಕ್ಯೂಬು ಕಸಿದುಕೊಂಡಳು. ತಟ್ಟೆಯಲ್ಲಿದ್ದ ಚಮಚ ತೆಗೆದು ಹಿಡಿಯಿಂದ ಮೀಟಿದಳು, ಮೂಲೆಯ ತುಣುಕನ್ನು ಹೊರಗೆ ತೆಗೆದಳು, ಸರಿಯಾಗಿ ತಿರುಗಿಸಿ ಒತ್ತಿದಳು. ಆರೂ ಬದಿ ಕೂಡಿದ ಕ್ಯೂಬನ್ನು ಅವನ ಮುಂದೆ ಕುಕ್ಕಿದಳು. ಚೀಲ ಹಿಡಿದು ಹೊರಬಂದ ಹೆಂಡತಿಗೆ ದೇವಿಂದ್ರಪ್ಪ ಅದನ್ನು ಇಳಿಸೆಂದು ಕೈ ಮಾಡಿದ.

ಅಣವೀರಪ್ಪನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. “ಗಂಡಗ ಹಿಂಗ ಮಾಡ್ತಾರೇನು? ಕಾಲಿಗಿ ಬೀಳು,” ಎಂದು ಮಗಳನ್ನು ಗದರಿದ.

ನೀಲಕಂಠನಿಗೆ ಹೋದ ಜೀವ ಬಂದಂತಾಯಿತು. ಗುಂಡಿ ಹಾರಿದ ಅಂಗಿ ಸರಿಪಡಿಸಿಕೊಳ್ಳುತ್ತ, “ಶರ್ತ್ ಮುರದು ಬಿತ್ತು. ಮೋಸ ಮಾಡಿದಾಕಿಗಿ ಎಂಥಾ ಟ್ರೇನಿಂಗು? ಇನ್ನ ಜನ್ಮದಾಗ ಆ ಮಾತು ತಗೀಬ್ಯಾಡ,” ಎಂದ.

ಭಾಗಮ್ಮ ಬಾಗಿದಳು. ತಪ್ಪು ತನ್ನದೇ ಎಂದು ಅವಳಿಗೆ ಗೊತ್ತಿತ್ತು, ಕಾಲಿಗೆ ಬೀಳಲು ಸಿದ್ಧಳೂ ಇದ್ದಳು. ಅರ್ಧಕ್ಕೆ ತಡೆದು ಕೇಳಿದಳು:

“ಮೋಸ ಮಾಡೀನ್ರಿ, ಒಪ್ಪೀನಿ. ಒಂದೇ ಮಾತು ಹೇಳ್ರಿ. ನಾ ಮುಟ್ಟಿದ್ದಿಲ್ಲ, ನೀವೇ ಖರೆ ಸೋತಿದ್ರಿ ಅಂತ ತಿಳ್ಕೋರಿ. ಕಳಸ್ತಿದ್ರೇನು?”

ಪಡಸಾಲೆಯ ಮಂದಿಯೆಲ್ಲ ನೀಲಕಂಠನ ಮುಖವನ್ನೇ ನೋಡಿದರು. ಹೌದೆಂದು ಒಂದು ಸುಳ್ಳು ಹೇಳಿದ್ದರೂ ಅವನ ಮಾನ ಉಳಿಯುತ್ತಿತ್ತು. ಆದರೆ ಸಿಟ್ಟು ಅವನ ನೆತ್ತಿಗೇರಿತ್ತು.

“ಇಲ್ಲ,” ಎಂದ. “ಯಾಕ ಕಳಸಬೇಕು? ನಗಚಾಟಕ್ಕ ಅಂದ ಮಾತದು.”

ಯಾರೂ ನಗಲಿಲ್ಲ. ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ ಅಣವೀರಪ್ಪ ಮಗಳತ್ತ ನೋಡಲಾರದೆ ನೆಲ ನೋಡಿದ. ಭಾಗಮ್ಮ ನೆಟ್ಟಗೆ ನಿಂತಳು.

ನೀಲಕಂಠ ಬ್ಯಾಗು ಎತ್ತಿಕೊಂಡು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತ. “ಬಸ್ಸಿನ ಹೊತ್ತಾಯ್ತು. ಬರ್ತಿಯೋ ಇಲ್ಲೋ?”

“ಹೋಗಕ್ಕ,” ಎಂದು ಕಸ್ತೂರಿಬಾಯಿ ಹಿಂದಿನಿಂದ ಅವಳ ಸೆರಗು ಎಳೆದಳು.

“ಇಲ್ಲ,” ಎಂದಳು ಭಾಗಮ್ಮ. “ನೀವು ನಡೀರಿ. ಸೋಮವಾರ ನಾನೇ ಬರ್ತೀನಿ ಕಲಬುರಗಿಗಿ. ನಿಮ್ಮ ಮನಿಗಲ್ಲ.”