ಔಲಿಯ ಮಂಜಿನಲ್ಲಿ ಅಣ್ಣ

ನಾಗರತ್ನಾಳ ಅಣ್ಣನ ಮಗಳು ಪೂರ್ಣಿಮಾ ಸ್ಕೀಯಿಂಗ್ ಕಲಿಯಲು ಔಲಿಯ ಹಿಮಬೆಟ್ಟಕ್ಕೆ ಹೊರಟಿದ್ದಳು. ಗಾಜಿಪುರದ ಮನೆಯಲ್ಲಿ ಚೀಲ ತುಂಬುತ್ತ ಕೇಳಿದಳು: "ಅತ್ತಿ, ಈ ಜಿಪಿಎಸ್ ಬೇಕೇನು? ಸುಮ್ನ ಭಾರ."

ನಾಗರತ್ನಾಗೆ ಹತ್ತು ವರ್ಷದ ಹಿಂದಿನ ಔಲಿ ನೆನಪಾಯಿತು. ಕಮಲಾಪುರದ ಗುಡ್ಡದಲ್ಲಿ ಬಾಳೆಪಟ್ಟೆಯ ಮೇಲೆ ಜಾರಿ ಬೆಳೆದ ಅಣ್ಣ-ತಂಗಿ ಸ್ಕೀಯಿಂಗ್ ಕಲಿಯಲು ಹೋಗಿ ಅಲ್ಲಿ ಮೊದಲ ಸಲ ಹಿಮ ಕಂಡಿದ್ದರು. ಅಣ್ಣ ವಿವೇಕಾನಂದ ಜಿಪಿಎಸ್‌ನಲ್ಲಿ ತನ್ನ ವೇಗ ನೋಡಿಕೊಂಡು, "ನಲವತ್ತು ಮುಟ್ಟೀನಿ ನೋಡು!" ಎಂದು ಬೀಗುತ್ತಿದ್ದ.

ಮೂರನೇ ದಿನ ಮಂಜು ಕವಿದು ಅವನು ಕಾಣೆಯಾದ. ಆಕೆಯ ಮೊಬೈಲಿನಲ್ಲಿ ಅವನ ಜಿಪಿಎಸ್ ಇರುವ ಜಾಗ ತೋರಿಸುವ ಚುಕ್ಕೆ ಒಂದೇ ಕಡೆ ನಿಂತಿತ್ತು. ತರಬೇತುದಾರರೊಂದಿಗೆ ಅಲ್ಲಿಗೆ ಹೋದಾಗ, ಕಾಲು ಮುರಿದುಕೊಂಡು ಬಿದ್ದಿದ್ದ ಅಣ್ಣ ನಡುಗುತ್ತ, "ಬಂದೇನ ತಂಗಿ?" ಎಂದಿದ್ದ.

"ವೇಗ ನೋಡಾಕ ಬ್ಯಾಡವ್ವಾ," ಎಂದಳು ನಾಗರತ್ನಾ ಪೂರ್ಣಿಮಾಗೆ. "ನಿನ್ನ ಹುಡುಕಾಕ ಬೇಕು."

ಪೂರ್ಣಿಮಾ ಅದನ್ನು ಚೀಲಕ್ಕೆ ಹಾಕಿಕೊಂಡಳು. ನಾಗರತ್ನಾಗೆ ಅಣ್ಣನ ಜೊತೆ ಇನ್ನೊಮ್ಮೆ ಆ ಹಿಮಕ್ಕೆ ಹೋಗಬೇಕೆನ್ನಿಸಿತು.